ಟೇಪ್ ರೆಕಾರ್ಡರ್ ಹೋಯ್ತು, ಕಂಪ್ಯೂಟರ್ ಉಳೀತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆ ಕಂಪ್ಯೂಟರ್‌ಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಫ್ರಿಜ್, ಇನ್ವರ್ಟರ್ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಆ ಕಂಪ್ಯೂಟರ್‌ಗಳು ಪ್ರೋಗ್ರಾಂಗಳನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಓದುತ್ತಿದ್ದವು, ಈ ಸಲ ಪೂರ್ತಿ ಆ ಕ್ಯಾಸೆಟ್ ವಿಷಯವೇ.

ಪ್ರಶ್ನೆ: ಚಿಕ್ಕಪ್ಪ ತಂದಿದ್ದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಕಂಪ್ಯೂಟರ್ ಅಟ್ಟದಲ್ಲಿ ಸಿಕ್ಕಿತು. ಟಿವಿಗೆ ಹಾಕಿದರೆ ಪರದೆ ಬರುತ್ತದೆ, ಅದರ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್ ಓಡುತ್ತದೆ. ಜೊತೆಗಿದ್ದ ಟೇಪ್ ರೆಕಾರ್ಡರಿನ ಬೆಲ್ಟ್ ಕರಗಿ ಅಂಟಂಟಾಗಿದೆ. ಕ್ಯಾಸೆಟ್ ಬದಲು ಮೆಮೊರಿ ಕಾರ್ಡಿನಿಂದ ಲೋಡ್ ಮಾಡುವ ಡಬ್ಬಿ ಮನೆಯಲ್ಲೇ ಮಾಡಬಹುದಂತೆ, ಹೌದಾ? ಸೋಲ್ಡರ್ ಮಾಡಲು ಬರುತ್ತದೆ, ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೆ.
– ಓದುಗರು, ಮೂಡಿಗೆರೆ

ಉತ್ತರ: ಮಾಡಬಹುದು, ಧೈರ್ಯವಾಗಿ ಶುರು ಮಾಡಿ. ನಿಮ್ಮದು 1982ರ ಬ್ರಿಟನ್ನಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಮನೆತನದ್ದು, ಡೆಸಿಬೆಲ್ಸ್ ಎನ್ನುವ ಕಂಪನಿ ಲೈಸೆನ್ಸ್ ಪಡೆದು ನಮ್ಮ ದೇಶದಲ್ಲಿ ಮಾರಿದ್ದು. ಹಾಗಾಗಿ ಸ್ಪೆಕ್ಟ್ರಮ್‌ಗೆ ನಡೆಯುವುದೆಲ್ಲ ಇದಕ್ಕೂ ನಡೆಯುತ್ತದೆ.

ಆ ಕಡೆ ಟೇಪ್ ಇದೆಯೋ ಇನ್ನೇನಿದೆಯೋ, ಈ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. 'ಇಯರ್' ಎಂದು ಬರೆದ ತೂತಿನಲ್ಲಿ ಬರುವ ಶಬ್ದ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಮೊದಲು ಸುಮಾರು 800 ಹರ್ಟ್ಸ್‌ನ ಒಂದೇ ಸಮ ಕೂಗು ಐದು ಸೆಕೆಂಡ್ ಬರುತ್ತದೆ. ಆಮೇಲೆ 17 ಬೈಟಿನ ಹೆಡರ್, ಅದರಲ್ಲಿ ಪ್ರೋಗ್ರಾಮಿನ ಹೆಸರು, ಉದ್ದ ಇತ್ಯಾದಿ. ಮತ್ತೆ ಸಣ್ಣದೊಂದು ಕೂಗು, ಆಮೇಲೆ ನಿಜವಾದ ಸರಕು. ಸೊನ್ನೆಗೆ ಗಿಡ್ಡ ಅಲೆ, ಒಂದಕ್ಕೆ ಅದರ ಎರಡು ಪಟ್ಟು ಉದ್ದದ ಅಲೆ. ಈ ಅಲೆಗಳನ್ನು ಸರಿಯಾದ ಅಳತೆಯಲ್ಲಿ ಯಾರು ಹೊರಡಿಸಿದರೂ ಅದು ಕ್ಯಾಸೆಟ್ಟೇ ಅಂತ ನಂಬಿಬಿಡುತ್ತದೆ.

ಟಿಝಡ್‌ಎಕ್ಸ್‌ಡುಯಿನೊ ಎನ್ನುವ ಮನೆಯಲ್ಲೇ ಮಾಡುವ ಡಬ್ಬಿ, ಅದರಿಂದಲೇ ಹುಟ್ಟಿದ ಮ್ಯಾಕ್ಸ್‌ಡುಯಿನೊ ಮಾಡುವುದು ಇದನ್ನೇ. ಎರಡರ ಪ್ರೋಗ್ರಾಮೂ ಉಚಿತ. ನೀವು ಕೋಡ್ ಬರೆಯಬೇಕಿಲ್ಲ, ಲ್ಯಾಪ್‌ಟಾಪಿನಿಂದ ಬೋರ್ಡಿಗೆ ತುಂಬಿದರೆ ಸಾಕು. ಬೇಕಾಗುವ ಸಾಮಾನು: ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ತುಂಬುವ ಪುಟ್ಟ ಬೋರ್ಡು ಇದೇ), ಎಸ್‌ಡಿ ಕಾರ್ಡ್ ಮಾಡ್ಯೂಲ್, ಸಣ್ಣ ಡಿಸ್‌ಪ್ಲೇ, ಐದು ಗುಂಡಿ, ಎಲ್‌ಎಂ 386 ಆಂಪ್ಲಿಫೈಯರ್ ಬೋರ್ಡು, 3.5 ಮಿಲಿಮೀಟರ್ ಸಾಕೆಟ್. ಆನ್‌ಲೈನ್‌ನಲ್ಲಿ ಎಲ್ಲ ಸಿಗುತ್ತದೆ, ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಿಂದ ತರಿಸಿಕೊಳ್ಳಿ. ನಕಲಿ ನ್ಯಾನೊ ಆದರೂ ಪರವಾಗಿಲ್ಲ. ಆದರೆ ಎಸ್‌ಡಿ ಮಾಡ್ಯೂಲ್ ಕೊಳ್ಳುವಾಗ ನೋಡಿ ಕೊಳ್ಳಿ. ಕಾರ್ಡಿಗೆ ಬೇಕಾದ್ದು 3.3 ವೋಲ್ಟ್, ನ್ಯಾನೊ ಕೊಡುವುದು 5 ವೋಲ್ಟ್, ಅದನ್ನು ಇಳಿಸುವ ಚಿಪ್ಪುಗಳು ಮಾಡ್ಯೂಲಿನಲ್ಲೇ ಇರಬೇಕು. ಬರೀ ಸಾಕೆಟ್ ಮಾತ್ರ ಇರುವ ಅಗ್ಗದ್ದು ತಂದರೆ ಕಾರ್ಡ್ ಸುಟ್ಟೀತು.

ವೈರಿಂಗ್ ಹೀಗೆ. ಕಾರ್ಡ್ ಮಾಡ್ಯೂಲಿಗೆ ನ್ಯಾನೊದ 10ರಿಂದ 13ರವರೆಗಿನ ಪಿನ್ನುಗಳು, ಓಎಲ್‌ಇಡಿ ಡಿಸ್‌ಪ್ಲೇಗೆ ಎ4 ಮತ್ತು ಎ5, ಶಬ್ದ ಹೊರಡುವುದು 9ನೇ ಪಿನ್ನಿನಿಂದ. ಗುಂಡಿಗಳ ಒಂದು ಕಾಲು ಅದರದರ ಪಿನ್ನಿಗೆ, ಇನ್ನೊಂದು ಕಾಲು ಗ್ರೌಂಡಿಗೆ. ಯಾವ ಗುಂಡಿಗೆ ಯಾವ ಪಿನ್ ಅನ್ನುವುದು ಪ್ರೋಗ್ರಾಮಿನಲ್ಲೇ ಬರೆದಿರುತ್ತದೆ, ನೀವು ತುಂಬುವ ಆವೃತ್ತಿಯಲ್ಲಿ ನೋಡಿಕೊಂಡೇ ಸೋಲ್ಡರ್ ಮಾಡಿ. 9ನೇ ಪಿನ್ನಿನ ಶಬ್ದ ಆಂಪ್ಲಿಫೈಯರಿಗೆ ಹೋಗುವ ಮೊದಲು ಒಂದು 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್ ಇರಲಿ. ಎಲ್‌ಎಂ 386 ಏನೂ ಜೋಡಿಸದೆ ಇದ್ದರೂ 20 ಪಟ್ಟು ಹೆಚ್ಚಿಸುತ್ತದೆ, ವಾಲ್ಯೂಮ್ ಇಲ್ಲದಿದ್ದರೆ ಶಬ್ದ ಕೆಡುತ್ತದೆ. ಮಾರುಕಟ್ಟೆಯ ಎಷ್ಟೋ ಬೋರ್ಡುಗಳಲ್ಲಿ ಇದು ಮೊದಲೇ ಕೂತಿರುತ್ತದೆ.

ಡಬ್ಬಿಯಾಗಿ ಹಳೆ ಕ್ಯಾಸೆಟ್ ಕವರ್ ಬಳಸುವ ಆಸೆ ಎಲ್ಲರಿಗೂ ಇರುತ್ತದೆ. ಒಳಗೆ ಜಾಗ ತುಂಬ ಕಡಿಮೆ, ಪಿನ್ನುಗಳನ್ನೆಲ್ಲ ಕತ್ತರಿಸಿ ನೇರ ವೈರ್ ಹಾಕಬೇಕಾಗುತ್ತದೆ, ಸುಮ್ನೆ ತಲೆನೋವು. ಸೋಪಿನ ಡಬ್ಬಿ ಸಾಕು.

ಕಾರ್ಡನ್ನು ಫ್ಯಾಟ್ 32ರಲ್ಲಿ ಫಾರ್ಮ್ಯಾಟ್ ಮಾಡಿ, ಟ್ಯಾಪ್ ಅಥವಾ ಟಿಝಡ್‌ಎಕ್ಸ್ ಫೈಲುಗಳನ್ನು (ಕ್ಯಾಸೆಟ್ಟಿನಲ್ಲಿದ್ದುದರ ಫೈಲ್ ರೂಪ) ಹಾಕಿ. ಡಬ್ಬಿಗೆ ಪವರ್ ಬ್ಯಾಂಕಿನಿಂದ 5 ವೋಲ್ಟ್ ಕೊಟ್ಟರೆ ಒಳ್ಳೆಯದು, ಅಗ್ಗದ ಚಾರ್ಜರುಗಳ ಗುಂಯ್ ಶಬ್ದ ಇದರಲ್ಲಿ ಸೇರುವುದಿಲ್ಲ. ಕಂಪ್ಯೂಟರಿನಲ್ಲಿ ಜೆ ಒತ್ತಿದರೆ ಲೋಡ್ ಬರುತ್ತದೆ, ಎರಡು ಉದ್ಧರಣ ಚಿಹ್ನೆ ಹಾಕಿ ಎಂಟರ್ ಒತ್ತಿ, ಡಬ್ಬಿಯ ಪ್ಲೇ ಒತ್ತಿ. ಈಗ ಪರದೆಯ ಅಂಚನ್ನು ನೋಡುತ್ತಿರಿ. ಕೂಗು ಬರುವಾಗ ಕೆಂಪು ಮತ್ತು ತಿಳಿನೀಲಿ ದಪ್ಪ ಪಟ್ಟೆಗಳು, ಸರಕು ಬರುವಾಗ ನೀಲಿ-ಹಳದಿ ಸಣ್ಣ ಗೆರೆಗಳು. ಪಟ್ಟೆಯೇ ಬರದಿದ್ದರೆ ವಾಲ್ಯೂಮ್ ಸಾಲದು ಅಥವಾ ವೈರ್ ಬಿಟ್ಟಿದೆ. ಪಟ್ಟೆ ಚೆನ್ನಾಗಿ ಬಂದು ಕೊನೆಗೆ 'ಟೇಪ್ ಲೋಡಿಂಗ್ ಎರರ್' ಎಂದರೆ ಬಹುತೇಕ ವಾಲ್ಯೂಮ್ ಜಾಸ್ತಿಯಾಗಿ ಶಬ್ದ ಒಡೆದಿದೆ, ಸ್ವಲ್ಪ ಇಳಿಸಿ.

ಕಾಯುವುದು ಮಾತ್ರ ತಪ್ಪದು. ಶಬ್ದ ಓದುವ ವೇಗ ಕಂಪ್ಯೂಟರಿನ ರಾಮ್‌ನಲ್ಲಿ ಅಲ್ಲ, ಬದಲಿಸಲಾಗದ ಮೆಮೊರಿಯಾದ ರೋಮ್‌ನಲ್ಲಿ ಕೂತಿದೆ. 48ಕೆ ಪ್ರೋಗ್ರಾಂ ಆಗಲೂ ನಾಲ್ಕೈದು ನಿಮಿಷ, ಈಗಲೂ ಅಷ್ಟೇ. ಕ್ಷಣದಲ್ಲಿ ಆಗಬೇಕು ಅಂದರೆ ಕಂಪ್ಯೂಟರಿನ ಹಿಂಬದಿಯ ಕನೆಕ್ಟರಿಗೆ ಹಾಕುವ, ಕಾರ್ಡಿನಿಂದ ನೇರ ಓದುವ ಡಿವ್‌ಎಂಎಂಸಿ ಇದೆ. ಅದನ್ನು ಕರೆಂಟ್ ಇರುವಾಗ ಹಾಕಿದರೂ ತೆಗೆದರೂ ಕಂಪ್ಯೂಟರ್ ಸುಡುವ ಭಯ. ಚಿಕ್ಕಪ್ಪನ ನೆನಪಿನ ಯಂತ್ರಕ್ಕೆ ನಾನಾದರೆ ಇಯರ್ ತೂತನ್ನೇ ಬಳಸುತ್ತೇನೆ.

ಇನ್ನೊಂದು, ಇದರ ಅಡಾಪ್ಟರ್ 9 ವೋಲ್ಟಿನದು, ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಈಗಿನ ಅಡಾಪ್ಟರುಗಳು ಹೆಚ್ಚಾಗಿ ಇದಕ್ಕೆ ಉಲ್ಟಾ. ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ ಮಾರಾಯ್ರೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಮೊಬೈಲಿನಿಂದಲೇ ಪ್ಲೇ ಮಾಡಿದರೆ ಆಗುವುದಿಲ್ಲವಾ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಆಗುತ್ತದೆ, ಒಮ್ಮೊಮ್ಮೆ. ಟ್ಯಾಪ್ ಫೈಲನ್ನು ಶಬ್ದವಾಗಿ ನುಡಿಸುವ ಆಪ್‌ಗಳಿವೆ. ತೊಂದರೆ ಏನೆಂದರೆ ಈಗಿನ ಫೋನುಗಳ ಹೆಡ್‌ಫೋನ್ ಶಬ್ದ ಈ ಯಂತ್ರಗಳಿಗೆ ಸಾಲುವುದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ, ಈಕ್ವಲೈಸರ್ ಆಫ್ ಮಾಡಿ, ಮೋನೊ ಮಾಡಿ, ಫ್ಲೈಟ್ ಮೋಡಿಗೆ ಹಾಕಿ. ನಾಲ್ಕನೇ ನಿಮಿಷದಲ್ಲಿ ವಾಟ್ಸಾಪ್ 'ಟಿಂಗ್' ಅಂದರೆ ಎಲ್ಲ ಮೊದಲಿಂದ ಶುರು ಮಾಡಬೇಕು. ಬ್ಲೂಟೂತ್ ಬೇಡ, ಅದು ಶಬ್ದವನ್ನು ಹಿಂಡಿ ಕಳಿಸುತ್ತದೆ. ಒಮ್ಮೆ ನೋಡೋಣ ಅನ್ನುವವರಿಗೆ ಮೊಬೈಲ್ ಸಾಕು, ದಿನಾ ಬಳಸುವವರಿಗೆ ಡಬ್ಬಿಯೇ ವಾಸಿ.

ಪ್ರಶ್ನೆ: ನಾನೇ ಬರೆದ ಪ್ರೋಗ್ರಾಂಗಳಿರುವ ಕ್ಯಾಸೆಟ್‌ಗಳ ಮೇಲೆ ಬಿಳಿ ಬೂಷ್ಟು. ಎಸೆಯಲು ಮನಸ್ಸಿಲ್ಲ. ಬಿಸಿಲಿಗೆ ಇಡಲೇ?
– ಓದುಗರು, ಸಕಲೇಶಪುರ

ಉತ್ತರ: ಎಸೆಯಲೇಬೇಡಿ, ಬಿಸಿಲಿಗೂ ಇಡಬೇಡಿ. ಕಾಫಿ ಕಣದಲ್ಲಿ ಹಣ್ಣು ಒಣಗಿದ ಹಾಗೆ ಟೇಪ್ ಒಣಗುವುದಿಲ್ಲ, ಸೊಟ್ಟಗಾಗುತ್ತದೆ. ಅಂಗಡಿಯಲ್ಲಿ ಸಿಗುತ್ತಿದ್ದ ಆಟಗಳ ಫೈಲು ಎಲ್ಲಾದರೂ ಸಿಕ್ಕೀತು, ನೀವು ಬರೆದದ್ದು ಆ ಕ್ಯಾಸೆಟ್ ಬಿಟ್ಟು ಬೇರೆಲ್ಲೂ ಇಲ್ಲ. ಯಾವ ಡಬ್ಬಿ ಮಾಡುವ ಮೊದಲೂ ಇದನ್ನು ಉಳಿಸಿಕೊಳ್ಳಿ, ಮೂಡಿಗೆರೆಯವರಿಗೂ ಇದೇ ಮಾತು.

ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ತೇವ ಹೋಗಲು ಬಿಡಿ. ಆಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಪೆನ್ಸಿಲಿನಿಂದ ನಿಧಾನ ಸುತ್ತುತ್ತ ಮೆತ್ತನೆಯ, ಎಳೆ ಬಿಡದ ಒಣಬಟ್ಟೆಯಲ್ಲಿ ಒರೆಸಿ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ ಸುರುಳಿಯನ್ನು ಬೇರೆ ಒಳ್ಳೆ ಚಿಪ್ಪಿಗೆ ಹಾಕಬಹುದು. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಬಿದ್ದುಹೋಗಿದ್ದರೂ ಇದೇ ದಾರಿ. ನುಡಿಸಲು ಒಂದು ಅಗ್ಗದ ಪ್ಲೇಯರ್ ಮೀಸಲಿಡಿ. ಪ್ರತಿ ಕ್ಯಾಸೆಟ್ ಆದ ಮೇಲೆ ಅದರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಇಲ್ಲದಿದ್ದರೆ ಬೂಷ್ಟು ಮುಂದಿನದಕ್ಕೂ ಹತ್ತುತ್ತದೆ.

ಲ್ಯಾಪ್‌ಟಾಪಿನಲ್ಲಿ ಶಬ್ದ ರೆಕಾರ್ಡ್ ಮಾಡುವ ಆಡಾಸಿಟಿ ಪ್ರೋಗ್ರಾಂ ಹಾಕಿ 44,100 ಹರ್ಟ್ಸ್‌ನಲ್ಲಿ ವೇವ್ ಫೈಲಾಗಿ ರೆಕಾರ್ಡ್ ಮಾಡಿ. ಎಂಪಿ3 ಬೇಡ, ಡಾಲ್ಬಿ ಆಫ್ ಇರಲಿ. ಸ್ಟೀರಿಯೊ ಪ್ಲೇಯರ್ ಆದರೆ ಎರಡೂ ಬದಿ ಬೆರೆಸದೆ, ಚೆನ್ನಾಗಿ ಕೇಳುವ ಒಂದನ್ನೇ ಇಟ್ಟುಕೊಳ್ಳಿ. ಶಬ್ದ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ, ಕೀರಲು ತೀಕ್ಷ್ಣವಾದ ಕಡೆ ನಿಲ್ಲಿಸಿ. ವೇವ್ ಫೈಲನ್ನು ಟ್ಯಾಪ್ ಮಾಡಲು ಫ್ಯೂಸ್ ಎಮ್ಯುಲೇಟರಿನವರ (ಈಗಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ಅನುಕರಿಸುವ ಪ್ರೋಗ್ರಾಂ) ಆಡಿಯೊ2ಟೇಪ್ ಎನ್ನುವ ಉಪಕರಣವಿದೆ. ಒಮ್ಮೆಗೆ ಆಗದಿದ್ದರೂ ವೇವ್ ಅಳಿಸಬೇಡಿ.

ಪ್ರಶ್ನೆ: ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರ್ ಇದೆ. ಅದಕ್ಕೂ ಇದೇ ಡಬ್ಬಿ ಆಗುತ್ತದೆಯೇ?
– ನಿವೃತ್ತ ಶಿಕ್ಷಕರು, ಕಡೂರು

ಉತ್ತರ: ಮೇಷ್ಟ್ರೆ, ಅದು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯ ಕಾಲದ್ದೇ ಇರಬೇಕು, ಆಗ ಸರ್ಕಾರ ದೇಶದ ಶಾಲೆಗಳಿಗೆ ಇವನ್ನೇ ಕೊಟ್ಟಿತ್ತು. ಡಬ್ಬಿ ಆಗುತ್ತದೆ, ಆದರೆ ಮ್ಯಾಕ್ಸ್‌ಡುಯಿನೊ ಪ್ರೋಗ್ರಾಮನ್ನೇ ತುಂಬಿಸಿ, ಬಿಬಿಸಿ ಕ್ಯಾಸೆಟ್ಟುಗಳಿಗಿರುವ ಯುಇಎಫ್ ಫೈಲು ಬಳಸಿ. ಸಾಕೆಟ್ ಏಳು ಪಿನ್ನಿನ ದುಂಡನೆಯ ಡಿನ್. ಇದರ ಭಾಷೆಯೂ ಬೇರೆ: ಸೊನ್ನೆಗೆ 1200 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎರಡು. ಡಿಸ್ಕ್ ಹಾಕುವ ಸೌಲಭ್ಯ ಇರುವ ಯಂತ್ರವಾದರೆ ಮೊದಲು ಸ್ಟಾರ್ ಚಿಹ್ನೆ ಹಾಕಿ 'ಟೇಪ್' ಎಂದು ಟೈಪ್ ಮಾಡಬೇಕು. ಬಿಬಿಸಿ ಒಳಗೊಂದು ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಇದೆ, ಬೇಕಾದಾಗ ಟೇಪಿನ ಮೋಟಾರನ್ನು ತಾನೇ ನಿಲ್ಲಿಸಿ ಓಡಿಸುತ್ತದೆ. ಡಬ್ಬಿಯ ಮೋಟಾರ್ ಪಿನ್ನನ್ನು ಅದಕ್ಕೆ ಜೋಡಿಸಿ, ಇಲ್ಲವಾದರೆ ಕಂಪ್ಯೂಟರ್ ಬೇರೆ ಕೆಲಸದಲ್ಲಿರುವಾಗ ಡಬ್ಬಿ ಸುಮ್ಮನೆ ಮುಂದಕ್ಕೆ ಓದಿಕೊಂಡು ಹೋಗುತ್ತದೆ. ಶಾಲೆಯ ಆಸ್ತಿ ಆದ್ದರಿಂದ ಹೆಡ್‌ಮಾಸ್ಟರನ್ನು ಕೇಳಿಯೇ ಬಿಚ್ಚಿ.

ಪ್ರಶ್ನೆ: ಸ್ಪೆಕ್ಟ್ರಮ್‌ನಲ್ಲಿ ಹೊಸದಾಗಿ ಬರೆದದ್ದನ್ನು ಈ ಡಬ್ಬಿಗೆ ಸೇವ್ ಮಾಡಬಹುದೇ?
– ಓದುಗರು, ಬೇಲೂರು

ಉತ್ತರ: ಇಲ್ಲ, ಇದು ನುಡಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಸೇವ್ ಮಾಡಲು 'ಮೈಕ್' ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ಇನ್‌ಪುಟ್‌ಗೆ ವೈರ್ ಹಾಕಿ ರೆಕಾರ್ಡ್ ಮಾಡಿ. ಆ ಹೊತ್ತಿನಲ್ಲಿ ಇಯರ್ ಕಡೆಯ ವೈರನ್ನು ತೆಗೆದಿಡಿ, ಇಲ್ಲದಿದ್ದರೆ ಹೊರಟ ಶಬ್ದವೇ ಸುತ್ತಿ ಒಳಗೆ ಬಂದು ಗೊಂದಲ ಮಾಡುತ್ತದೆ. ರೆಕಾರ್ಡ್ ಆದ ಮೇಲೆ ಕಂಪ್ಯೂಟರ್ ಆರಿಸುವ ಮೊದಲು ಅದನ್ನೇ ವಾಪಸ್ ನುಡಿಸಿ ವೆರಿಫೈ ಆಜ್ಞೆಯಿಂದ ತಾಳೆ ನೋಡಿ. ಓಕೆ ಎಂದು ಬಂದರೆ ಮಾತ್ರ ಪ್ಲಗ್ ಕೀಳಿ.