ದುಡ್ಡು ಕೊಟ್ಟು ಹಾಕಿಸಿದ ಲೇಖನ ಇಬಿ-1ಎಗೆ ನಡೆಯುತ್ತಾ?
ನಮಸ್ಕಾರ. ಪಿಆರ್ (ಪ್ರಚಾರ) ಏಜೆನ್ಸಿಗೆ ದುಡ್ಡು ಕೊಟ್ಟು ನಾಲ್ಕೈದು ಲೇಖನ ಹಾಕಿಸಿದರೆ ಅಮೆರಿಕದ ಇಬಿ-1ಎ, ಅಂದರೆ ಅಸಾಧಾರಣ ಸಾಮರ್ಥ್ಯ ಇರುವವರಿಗೆ ಕೊಡುವ ಗ್ರೀನ್ ಕಾರ್ಡ್‌ನ ಅರ್ಜಿಗೆ ಸಹಾಯ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ನಿಯಮದಲ್ಲಿ ಹತ್ತು ಮಾನದಂಡಗಳಿವೆ, ಕನಿಷ್ಠ ಮೂರನ್ನು ತೋರಿಸಬೇಕು. ಮಾಧ್ಯಮದ ಬರಹ ಅದರಲ್ಲಿ ಒಂದು ಮಾತ್ರ. ಅದೂ ನಿಮ್ಮ ಬಗ್ಗೆ, ನಿಮ್ಮ ಕೆಲಸದ ಬಗ್ಗೆ ಇರಬೇಕು. ವೃತ್ತಿ ಪತ್ರಿಕೆಯಲ್ಲೋ ದೊಡ್ಡ ಮಾಧ್ಯಮದಲ್ಲೋ ಬಂದಿರಬೇಕು. ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಕೊಡಬೇಕು. ಸುಮ್ನೆ ಒಂದು ಸಾಲಿನಲ್ಲಿ ಹೆಸರು ಬಂದರೆ ಸಾಲದು. ನೀವೇ ಬರೆದ ಲೇಖನ ಇಲ್ಲಿ ಲೆಕ್ಕಕ್ಕಿಲ್ಲ. ಸೇವೆ ಮಾರಲು ಮಾಡಿದ ಪ್ರಚಾರ ಸಾಮಗ್ರಿಗೂ ಸಾಮಾನ್ಯವಾಗಿ ಬೆಲೆ ಇಲ್ಲ.

ಮೂರು ಮಾನದಂಡ ದಾಟಿದರೂ ಕೆಲಸ ಮುಗಿಯಲ್ಲ. ಅಧಿಕಾರಿ ಎಲ್ಲ ಸಾಕ್ಷಿಯನ್ನೂ ಒಟ್ಟಿಗೆ ಇಟ್ಟು ತೂಗುತ್ತಾರೆ. ಅರ್ಜಿಗೆ ಎರಡು ತಿಂಗಳ ಮುಂಚೆ ಒಂದೇ ಧಾಟಿಯ ಐದು ಹೊಗಳಿಕೆ ಬಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ? ಅದು ನಿಮ್ಮ ನಿಜವಾದ ಸಾಧನೆಗೂ ಮಸಿ ಬಳಿಯುತ್ತದೆ. ನನಗೆ ಜಾಸ್ತಿ ಭಯ ಇರೋದು ಅದಕ್ಕೇ.

ಪ್ರಚಾರ ಪಡೆಯುವುದು ತಪ್ಪಲ್ಲ. ನಿಮ್ಮ ಕ್ಷೇತ್ರದ ಬಗ್ಗೆ ಬರೆಯುವ ವರದಿಗಾರರಿಗೆ ಕೆಲಸದ ವಿವರ ಕಳಿಸಿ. ಬರೆಯುವುದು, ಬಿಡುವುದು ಅವರಿಗೆ ಬಿಟ್ಟದ್ದು. ಲೇಖನ ಬಂದರೆ ಆ ಪತ್ರಿಕೆಯ ಪ್ರಸಾರ ಸಂಖ್ಯೆಯ ದಾಖಲೆಯನ್ನೂ ಜೊತೆಗಿಡಿ. ಇಂಗ್ಲಿಷ್ ಅಲ್ಲದಿದ್ದರೆ ದೃಢೀಕರಿಸಿದ ಅನುವಾದ ಬೇಕೇ ಬೇಕು.