ಲೋಕದ ಸಂಕಟವೆಲ್ಲ ಒಂದೇ ವಾರದಲ್ಲಿ ಮನೆಗೆ ಬಂದಾಗ

ಇವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಮನೆ. ವಯಸ್ಸು ಅರವತ್ತರ ಹತ್ತಿರ. ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಕನ್ನಡ ಕಥೋಲಿಕ ಕುಟುಂಬ. ಬೆಳಗಿನ ಪೂಜೆ ತಪ್ಪಿಸುವವರಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರ ನೋಟ್‌ಬುಕ್ಕಿನ ಸಾಲುಗಳನ್ನು ಮಾತ್ರ ಮುಟ್ಟಿಲ್ಲ. ಹಾಗೇ ಇರಲಿ ಎಂದು ಅವರೇ ಹೇಳಿದರು.

2025ರ ಏಪ್ರಿಲ್ ಮುಗಿಯುವ ಹೊತ್ತಿಗೆ ಗಂಡನ ಜೊತೆ ನನ್ನ ಹತ್ತಿರ ಆಪ್ತಸಲಹೆಗೆ ಬಂದರು. ಮೊದಲು ಮಾತಾಡಿದ್ದು ಗಂಡ. "ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ರೆ ಮೊಬೈಲ್ ಹಿಡ್ಕೊಂಡು ಕೂತಿರ್ತಾಳೆ ಮೇಡಂ. ಊಟ ಸೇರ್ತಿಲ್ಲ. ಕೈಯಲ್ಲಿ ಜಪಸರ ಇರುತ್ತೆ, ಬಾಯಿಂದ ಒಂದು ಮಾತು ಬರಲ್ಲ."

ಟೀಚರ್ ತಲೆ ಎತ್ತದೆ ಹೇಳಿದರು: "ಪ್ರಾರ್ಥನೆ ಮಾಡೋಕೆ ಕೂತ್ರೆ ಯಾರಿಗೋಸ್ಕರ ಮಾಡ್ಲಿ ಅಂತ ಗೊತ್ತಾಗಲ್ಲ. ಒಬ್ಬರನ್ನ ನೆನೆಸಿಕೊಂಡ್ರೆ ಇನ್ನೊಬ್ಬರನ್ನ ಬಿಟ್ಟ ಹಾಗಾಗುತ್ತೆ."

ಆ ವಾರವನ್ನು ನೆನಪಿಸಿಕೊಳ್ಳಿ. ಏಪ್ರಿಲ್ 20, ಭಾನುವಾರ, ಪಾಸ್ಕ ಹಬ್ಬ, ಅಂದರೆ ಈಸ್ಟರ್. ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ಮಹಾದೇವಾಲಯದ ಮೊಗಸಾಲೆಗೆ ಬಂದು ಜನರನ್ನು ಆಶೀರ್ವದಿಸಿದರು. ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ. ಗಾಜಾದಲ್ಲಿ ಕದನ ನಿಲ್ಲಲಿ ಎಂಬ ಅವರ ಸಂದೇಶವನ್ನು ಬೇರೆಯವರು ಓದಿದರು. ಮರುದಿನ ಸೋಮವಾರ ಬೆಳಗ್ಗೆ, ತಮ್ಮ 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಂಗಳವಾರ ಮಧ್ಯಾಹ್ನ ಕಾಶ್ಮೀರದ ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು ಪ್ರವಾಸಿಗರಿಗೆ ಧರ್ಮ ಕೇಳಿ ಕೇಳಿ ಗುಂಡು ಹೊಡೆದರು. 26 ಜನ ಸತ್ತರು. ಅವರಲ್ಲಿ ನಮ್ಮ ಬೆಂಗಳೂರಿನವರಿದ್ದರು, ಶಿವಮೊಗ್ಗದವರಿದ್ದರು. ಗುರುವಾರ ಉಕ್ರೇನಿನ ಕೀವ್ ನಗರದ ಮೇಲೆ ಕ್ಷಿಪಣಿಗಳು ಬಿದ್ದವು. ಶನಿವಾರ ಒಂದು ಕಡೆ ಪೋಪ್ ಅವರ ಅಂತ್ಯಕ್ರಿಯೆ, ಇನ್ನೊಂದು ಕಡೆ ಇರಾನಿನ ಬಂದರ್ ಅಬ್ಬಾಸ್ ಬಳಿಯ ಬಂದರಿನಲ್ಲಿ ಭಾರಿ ಸ್ಫೋಟ. ಭಾನುವಾರ ಬೆಳಗ್ಗೆ ಕೆನಡಾದ ವ್ಯಾಂಕೂವರಿನಲ್ಲಿ ಹಬ್ಬದ ಜನರ ಮೇಲೆ ಯಾರೋ ಕಾರು ಹರಿಸಿದ ಸುದ್ದಿ. ಇದಕ್ಕೆ ತಿಂಗಳ ಹಿಂದೆಯಷ್ಟೇ ಮ್ಯಾನ್ಮಾರಿನ ಭೂಕಂಪ ಆಗಿತ್ತು.

ಇಷ್ಟನ್ನೂ ಟೀಚರ್ ಒಂದೂ ಬಿಡದೆ ನೋಡಿದ್ದರು. ಸುದ್ದಿ ಓದುವುದಲ್ಲ, ವಿಡಿಯೊಗಳು. ಹುಲ್ಲಿನ ಮೇಲೆ ಗಂಡನ ಹೆಣದ ಪಕ್ಕ ಕೂತ ಹೊಸ ಮದುವೆಯ ಹುಡುಗಿಯ ಆ ಒಂದು ಫೋಟೊ ಕಣ್ಣು ಮುಚ್ಚಿದರೂ ಬರುತ್ತಿತ್ತು.

ಇಂಥವರು ಬಂದಾಗ ನಾನು ಮೊದಲು ಧರ್ಮದ ಮಾತಿಗೆ ಹೋಗುವುದಿಲ್ಲ. ನಿದ್ದೆ, ಊಟ, ಮಾತ್ರೆ ಕೇಳುತ್ತೇನೆ. ಬಿಪಿ ಮಾತ್ರೆ ನುಂಗುವುದನ್ನೇ ಮರೆತಿದ್ದರು. ಅದಕ್ಕೆ ಆ ದಿನವೇ ಅವರ ಡಾಕ್ಟರ ಹತ್ತಿರ ಕಳಿಸಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇದನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಒಳಗಿನ ಭಾರ ಇಳಿಯುತ್ತದೆ. ಅವರಿಗೆ ಅಂಥ ಯೋಚನೆ ಇರಲಿಲ್ಲ. ಹಿಂದೆ ಹೀಗೆ ಆಗಿತ್ತೇ ಎಂದಾಗ 2019ರ ಪಾಸ್ಕ ಹಬ್ಬದ ಮಾತು ಬಂತು. ಅಂದು ಏಪ್ರಿಲ್ 21. ಶ್ರೀಲಂಕಾದಲ್ಲಿ ಪೂಜೆ ನಡೆಯುವಾಗಲೇ ಚರ್ಚುಗಳಲ್ಲಿ ಬಾಂಬ್ ಸಿಡಿದವು. ಹೋಟೆಲುಗಳಲ್ಲೂ ಸಿಡಿದು, ಅಲ್ಲಿದ್ದ ನಮ್ಮ ಕರ್ನಾಟಕದವರೂ ಸತ್ತರು. ಅವತ್ತಿನಿಂದ ಹಬ್ಬದ ಪೂಜೆಗೆ ಹೋದಾಗ ಟೀಚರ್ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂರುತ್ತಿದ್ದರು. ಗಂಡನಿಗೂ ಇದು ಗೊತ್ತಿರಲಿಲ್ಲ.

ಸುದ್ದಿ ನೋಡುವುದೇ ಗಾಯ ಮಾಡುತ್ತದೆಯೇ ಎಂದು ಗಂಡ ಕೇಳಿದರು. ಮಾಡುತ್ತದೆ. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದ ಮೇಲೆ ಅಮೆರಿಕದ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿ ನೋಡಿದರು. ಆಮೇಲಿನ ವಾರ ದಿನಕ್ಕೆ 6 ಗಂಟೆಯೋ ಇನ್ನೂ ಹೆಚ್ಚೋ ಅದೇ ಸುದ್ದಿಯಲ್ಲಿ ಮುಳುಗಿದ್ದವರಲ್ಲಿ ಒತ್ತಡದ ಲಕ್ಷಣ ಎಷ್ಟಿತ್ತೆಂದರೆ, ಸ್ಫೋಟದ ಜಾಗದಲ್ಲಿದ್ದವರಿಗಿಂತಲೂ ಜಾಸ್ತಿ. ಜಾಗದಲ್ಲಿದ್ದವರಿಗೆ ಅದು ಒಂದು ಸಲ ಆಗಿ ಮುಗಿಯಿತು, ಪರದೆಯ ಮುಂದೆ ಕೂತವರಿಗೆ ಮುಗಿಯಲೇ ಇಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಆದರೆ ಟೀಚರಿಗೆ ಮೊಬೈಲ್ ಕೆಳಗಿಡಿ ಎಂದಷ್ಟೇ ಹೇಳಿದರೆ ಸಾಲದು. ಅವರ ಲೆಕ್ಕದಲ್ಲಿ ನೋಡದೆ ಇರುವುದೇ ಪಾಪ. "ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಒದ್ದಾಡುವಾಗ ಶಿಷ್ಯರು ನಿದ್ದೆ ಮಾಡಿದರಲ್ಲ ಮೇಡಂ, ನಾನೂ ಹಾಗೆ ಮಲಗಲಾ?" ಎಂದರು. ಈ ಮಾತನ್ನು ಭ್ರಮೆ ಎಂದು ತಳ್ಳಿಹಾಕುವ ಸಲಹೆಗಾರರು ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ನಾನು ಕ್ರೈಸ್ತಳಲ್ಲ. ಆದರೂ ಎದುರಿಗೆ ಕೂತವರ ವಿಶ್ವಾಸವೇ ಅವರು ಕಾಲೂರಿ ನಿಂತಿರುವ ನೆಲ ಎಂದು ಬಲ್ಲೆ. ಅಲ್ಲಿಂದಲೇ ಮುಂದಕ್ಕೆ ಹೋಗಬೇಕು.

ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಕಳೆದ ವಾರವನ್ನು ದಿನದಿನವಾಗಿ ಬರೆಯಿರಿ, ಸುದ್ದಿಯನ್ನಲ್ಲ, ಆ ಸುದ್ದಿ ಕೇಳಿದಾಗ ದೇವರ ಹತ್ತಿರ ನಿಮಗೆ ಏನು ಹೇಳಬೇಕು ಅನ್ನಿಸಿತೋ ಅದನ್ನು. ಬೈಗುಳ ಇದ್ದರೂ ಇರಲಿ ಎಂದೆ. ಮುಂದಿನ ಭೇಟಿಗೆ ತಂದರು. ಮೇಷ್ಟರ ದುಂಡು ಅಕ್ಷರ, ಎಡಕ್ಕೆ ಕೆಂಪು ಗೆರೆ ಎಳೆದಿದ್ದರು.

"ಸೋಮವಾರ. ಪೋಪ್ ಹೋದರು. ಅಳು ಬಂತು, ಆದರೆ ಭಯ ಆಗಲಿಲ್ಲ. ಹಬ್ಬ ಮುಗಿಸಿಕೊಂಡು ಹೋದರಲ್ಲ ಅನ್ನಿಸಿತು. ಇದು ಭರವಸೆಯ ಜುಬಿಲಿ ವರ್ಷ ಅಂತ ಅವರೇ ಬಾಗಿಲು ತೆರೆದಿದ್ದರು."

"ಮಂಗಳವಾರ. ಸ್ವಾಮಿ, ಹೆಂಡತಿ ಮಕ್ಕಳ ಕಣ್ಣೆದುರಿಗೇ ಹೊಡೆದರು. ನೀನು ಎಲ್ಲಿದ್ದೆ? ಕೇಳಬಾರದು ಅಂತ ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಈಗ ಕೇಳುತ್ತಿದ್ದೇನೆ."

"ಗುರುವಾರ. ಕೀವ್ ಅಂದರೆ ಎಲ್ಲಿ ಅಂತ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಅಳುವುದು ನಿಜವಾದ ಅಳುವೋ, ಅಭ್ಯಾಸವೋ?"

"ಶನಿವಾರ. ಅಂತ್ಯಕ್ರಿಯೆ ಪೂರ್ತಿ ನೋಡಿದೆ. ಸಾದಾ ಮರದ ಪೆಟ್ಟಿಗೆ. ನಮ್ಮ ರಾಷ್ಟ್ರಪತಿಯೂ ಹೋಗಿದ್ದರು. ಟ್ರಂಪ್, ಝೆಲೆನ್ಸ್ಕಿ ಇಬ್ಬರೂ ಚರ್ಚಿನೊಳಗೆ ಎದುರುಬದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಜಗಳ ಆಡಿದವರು ಸಾವಿನ ಮನೆಯಲ್ಲಿ ಮಾತಾಡುವುದು ನಮ್ಮೂರಲ್ಲೂ ಉಂಟು."

"ಭಾನುವಾರ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದ ಶುಭಸಂದೇಶ ಓದಿದರು. ನನಗೆ ನಾಚಿಕೆ ಆಯಿತು."

ಬುಧವಾರದ ಜಾಗ ಖಾಲಿ ಇತ್ತು. ದಿನದ ಹೆಸರು ಬರೆದು ಹಾಗೇ ಬಿಟ್ಟಿದ್ದರು. ಭಾನುವಾರದ ನಾಚಿಕೆ ಯಾಕೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ಬುಧವಾರ ಏನಾಯಿತು ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು.

ಅವರ ಕೆಳಗಿನ ಮನೆಯಲ್ಲಿ ಒಂದು ಮುಸ್ಲಿಂ ಕುಟುಂಬ ಇದೆ. ಆ ಮನೆಯ ಹೆಂಗಸನ್ನು ಟೀಚರ್ 'ಆಪಾ' ಎನ್ನುತ್ತಾರೆ, ಆಕೆ ಇವರನ್ನು 'ಟೀಚರ್' ಎನ್ನುತ್ತಾರೆ. ಎಷ್ಟೋ ವರ್ಷದ ಒಡನಾಟ. ಮಾರ್ಚ್ ಕೊನೆಗೆ ರಂಜಾನ್ ಹಬ್ಬಕ್ಕೆ ಆಪಾ ಸ್ಟೀಲ್ ಡಬ್ಬದಲ್ಲಿ ಶೀರ್ ಖುರ್ಮಾ ಕಳಿಸಿದ್ದರು. ಡಬ್ಬ ಖಾಲಿ ವಾಪಸ್ ಕೊಡಬಾರದಲ್ಲ, ಪಾಸ್ಕ ಹಬ್ಬಕ್ಕೆ ಏನಾದರೂ ಮಾಡಿ ತುಂಬಿಸಿ ಕೊಡೋಣ ಎಂದು ಟೀಚರ್ ಅದನ್ನು ಅಡುಗೆಮನೆ ಕಟ್ಟೆಯ ಮೇಲೆ ಎತ್ತಿಟ್ಟಿದ್ದರು. ಹಬ್ಬದ ದಿನ ನೆಂಟರು ಬಂದರು. ನಾಳೆ ಕೊಟ್ಟರಾಯಿತು ಎಂದುಕೊಂಡರು. ಆಮೇಲೆ ಸೋಮವಾರ, ಮಂಗಳವಾರ.

ಬುಧವಾರ ಅವರ ಅಣ್ಣನ ಮಗ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ. ಈ ಜನರನ್ನು ಮನೆ ಹತ್ತಿರ ಸೇರಿಸಬಾರದು, ಅಂಗಡಿಗೆ ಹೋಗಬಾರದು ಎಂಬಂಥದ್ದು. ಟೀಚರಿಗೆ ಎಲ್ಲ ಮೆಸೇಜಿಗೂ ಕೈಮುಗಿಯುವ ಚಿತ್ರ ಹಾಕುವ ಅಭ್ಯಾಸ. ಓದದೆಯೇ ಒತ್ತಿಬಿಟ್ಟಿದ್ದರು. ಓದಿದ ಮೇಲೆ ಕೈ ನಡುಗಿತು. ಅಳಿಸಿದರೆ ಅಳಿಸಿದ್ದು ಎಲ್ಲರಿಗೂ ಕಾಣುತ್ತದೆ ಎಂದು ಹಾಗೇ ಬಿಟ್ಟರು. ಆ ದಿನದಿಂದ ಕೆಳಗಿನ ಮನೆಯವರೂ ಮೆಟ್ಟಿಲ ಮೇಲೆ ಸಿಕ್ಕರೆ ಮಾತಾಡದೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಇವರು ಹೆದರಿ ಸುಮ್ಮನಿದ್ದಾರೆ, ಅವರೂ ಹೆದರಿ ಸುಮ್ಮನಿದ್ದಾರೆ.

"ಪಹಲ್ಗಾಮಿನಲ್ಲಿ ಸತ್ತವರಲ್ಲಿ ಒಬ್ಬ ಅಲ್ಲಿಯವನೇ, ಕುದುರೆ ಮೇಲೆ ಪ್ರವಾಸಿಗರನ್ನು ಕರೆದೊಯ್ಯುವವನು. ಮುಸ್ಲಿಂ. ಗುಂಡು ಹೊಡೆಯುವವರನ್ನು ತಡೆಯೋಕೆ ಹೋಗಿ ಸತ್ತನಂತೆ. ಅವನು ಜೀವ ಕೊಟ್ಟ. ನನಗೆ ಒಂದು ಡಬ್ಬ ವಾಪಸ್ ಕೊಡೋಕಾಗಲಿಲ್ಲ" ಎಂದು ಅತ್ತರು.

ನಾನು ಅವರನ್ನು ಸುಮ್ಮನಾಗಿಸಲಿಲ್ಲ. ಲೋಕದ ಅಷ್ಟೂ ಸಾವುಗಳಿಗೆ ಅಳುತ್ತಿದ್ದವರ ಒಳಗೆ ನಿಜವಾಗಿ ಚುಚ್ಚುತ್ತಿದ್ದದ್ದು ಹದಿನೈದು ಮೆಟ್ಟಿಲು ಕೆಳಗಿನ ಮನೆ. ಆಪ್ತಸಲಹೆಯಲ್ಲಿ ಇದನ್ನು ಎಷ್ಟೋ ಸಲ ಕಾಣುತ್ತೇನೆ. ದೂರದ ಸಂಕಟ ಸುಳ್ಳಲ್ಲ. ಆದರೆ ಕೈಗೆಟಕುವ ಒಂದು ಕೆಲಸವನ್ನು ಮಾಡದೆ ಉಳಿದಾಗ, ಕೈಗೆಟಕದ್ದೆಲ್ಲ ಬಂದು ಅದರ ಮೇಲೆ ಹೇರಿಕೊಳ್ಳುತ್ತದೆ.

ದಾರಿ ಸಿಕ್ಕಿದ್ದು ಟೀಚರ್ ಬಾಯಿಂದಲೇ. ಪೋಪ್ ಫ್ರಾನ್ಸಿಸ್ ಬಗ್ಗೆ ನಿಮಗೆ ಬಹಳ ಇಷ್ಟವಾದದ್ದು ಯಾವುದು ಎಂದು ಕೇಳಿದ್ದೆ. ಗಾಜಾದಲ್ಲಿ ಇರುವುದು ಒಂದೇ ಒಂದು ಕಥೋಲಿಕ ಚರ್ಚು, ಪವಿತ್ರ ಕುಟುಂಬದ ದೇವಾಲಯ. ಯುದ್ಧ ಶುರುವಾದ 2023ರ ಅಕ್ಟೋಬರಿನಿಂದ ಪೋಪ್ ಹೆಚ್ಚುಕಡಿಮೆ ದಿನಾ ಸಂಜೆ ಅಲ್ಲಿಗೆ ಫೋನ್ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗಲೂ ಮಾಡಿದರು. ಕೊನೆಯ ಕರೆ ಹಬ್ಬದ ಹಿಂದಿನ ಶನಿವಾರ. ಹೇಗಿದ್ದೀರಿ, ಊಟ ಏನು ಮಾಡಿದಿರಿ ಎಂದು ಕೇಳುತ್ತಿದ್ದರಂತೆ. ಇದನ್ನು ಹೇಳುವಾಗ ಟೀಚರ್ ಮುಖ ಸ್ವಲ್ಪ ತಿಳಿಯಾಯಿತು.

"ಅವರು ಲೋಕಕ್ಕೆಲ್ಲ ಗುರು, ಅಲ್ವಾ? ಉಕ್ರೇನು, ಸುಡಾನು, ಮ್ಯಾನ್ಮಾರು ಎಲ್ಲವೂ ಅವರ ಮನಸ್ಸಿನಲ್ಲಿತ್ತು. ಆದರೂ ದಿನಾ ಫೋನ್ ಮಾಡಿದ್ದು ಒಂದು ಚರ್ಚಿಗೆ. ಬೇರೆಯವರನ್ನು ಬಿಟ್ಟ ಹಾಗಾಯಿತಾ?" ಎಂದೆ.

ಇಲ್ಲ ಎಂದು ತಲೆಯಾಡಿಸಿದರು.

ಅಲ್ಲಿಂದ ಮುಂದೆ ಸಲಹೆ ಕೊಡುವುದು ಸುಲಭವಾಯಿತು. ರಾತ್ರಿ ಮೊಬೈಲ್ ಹಾಲಿನಲ್ಲಿ ಚಾರ್ಜಿಗೆ, ಮಲಗುವ ಕೋಣೆಗೆ ಬೇಡ. ಬೆಳಗ್ಗೆ ಪೇಪರ್, ಸಂಜೆ ಒಂದು ಸಲ ಟಿವಿ ಸುದ್ದಿ, ಅದೂ ಅರ್ಧ ಗಂಟೆ. ವಿಡಿಯೊ ಫಾರ್ವರ್ಡ್ ತೆರೆಯುವುದು ಬೇಡ. ಅಕ್ಷರದಲ್ಲಿ ಓದಿದ ಸುದ್ದಿ ಚಿತ್ರದಷ್ಟು ಕಾಡುವುದಿಲ್ಲ. ಪ್ರಾರ್ಥನೆಗೆ ಕೂತಾಗ ಆ ದಿನಕ್ಕೆ ಒಂದು ಊರು, ಸಾಧ್ಯವಾದರೆ ಒಬ್ಬ ಮನುಷ್ಯ, ಅಷ್ಟೇ. ಉಳಿದವರಿಗೆ ಪ್ರಾರ್ಥಿಸುವ ಜನ ಬೇರೆ ಕಡೆ ಇದ್ದಾರೆ, ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳುವುದು ಅದಕ್ಕೇ ಅಲ್ಲವೇ ಎಂದೆ. ಇದನ್ನು ಅವರು ತಕ್ಷಣ ಒಪ್ಪಿದರು.

'ಎಲ್ಲಿದ್ದೆ' ಎಂದು ದೇವರನ್ನು ಕೇಳಿದ್ದು ತಪ್ಪೋ ಸರಿಯೋ ಎಂಬುದಕ್ಕೆ ನಾನು ಉತ್ತರ ಕೊಡಲಿಲ್ಲ. ಅದು ನನ್ನ ಕೆಲಸವಲ್ಲ. ಧರ್ಮಕೇಂದ್ರದ ಫಾದರ್ ಹತ್ತಿರ ಹೋಗಿ ಆ ನೋಟ್‌ಬುಕ್ ತೋರಿಸಿ ಎಂದೆ. ಫಾದರ್ ಓದಿ, 13ನೇ ಕೀರ್ತನೆ ತೆಗೆದುಕೊಟ್ಟರಂತೆ. ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀಯ ಎಂದು ದೇವರನ್ನೇ ಕೇಳುತ್ತಾ ಶುರುವಾಗುವ ಕೀರ್ತನೆ ಅದು. ಅಷ್ಟು ವರ್ಷ ಅದನ್ನು ಹಾಡಿದ್ದೇನೆ, ಅದು ದೂರು ಎಂದು ಹೊಳೆದೇ ಇರಲಿಲ್ಲ ಎಂದರು ಟೀಚರ್.

ಡಬ್ಬದ ವಿಷಯಕ್ಕೆ ಸಲಹೆ ಏನೂ ಬೇಕಾಗಲಿಲ್ಲ. ಆದರೂ ಹೆದರಿಕೆ ಇತ್ತು. ಏನು ಮಾತಾಡಲಿ ಎಂದರು. ಕ್ಷಮೆ, ದೇಶ, ಧರ್ಮ ಯಾವುದೂ ಬೇಡ, ತಡವಾಯಿತು ಅಂತಷ್ಟೇ ಹೇಳಿ ಎಂದೆ. ಆ ವಾರವೇ ಕೊಬ್ಬರಿ ಮಿಠಾಯಿ ಮಾಡಿ ತುಂಬಿಸಿಕೊಂಡು ಇಳಿದರು. ಆಪಾ ಬಾಗಿಲಲ್ಲೇ ಕೈ ಹಿಡಿದುಕೊಂಡು ಅತ್ತುಬಿಟ್ಟರಂತೆ. ಅವರ ಮಗ ಆಫೀಸಿನಲ್ಲಿ ಯಾರ ಜೊತೆಗೂ ಊಟಕ್ಕೆ ಕೂರುತ್ತಿಲ್ಲ ಎಂಬುದು ಟೀಚರಿಗೆ ಗೊತ್ತಾಗಿದ್ದು ಆಗ.

ಮೇ ತಿಂಗಳಲ್ಲಿ ಸುದ್ದಿ ಇನ್ನೂ ಭಾರವಾಯಿತು. 7ನೇ ತಾರೀಕು ಬೆಳಗಾಗುವಷ್ಟರಲ್ಲಿ ಆಪರೇಷನ್ ಸಿಂಧೂರ. ಅದೇ ದಿನ ಬೆಂಗಳೂರಿನಲ್ಲೂ ಸೈರನ್ ಹಾಕಿ ಅಣಕು ಕಾರ್ಯಾಚರಣೆ. ಟೀಚರ್ ಮತ್ತೆ ಕುಸಿಯಬಹುದು ಎಂದು ಫೋನ್ ಮಾಡಿದೆ. ಭಯ ಇದೆ, ಆದರೆ ಮಲಗುತ್ತಿದ್ದೇನೆ ಎಂದರು. ರಾತ್ರಿ ಹೊತ್ತು ತೀರಾ ತಳಮಳವಾದರೆ ಮಾತಾಡಲು ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟಿದ್ದೆ. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದಾರಂತೆ. ಎರಡು ವಾರ ದಾಟಿದರೂ ನಿದ್ದೆ, ಊಟ ಹತ್ತದಿದ್ದರೆ ಮನೋವೈದ್ಯರನ್ನು ಕಾಣೋಣ ಎಂದೂ ಮೊದಲೇ ಹೇಳಿಟ್ಟಿದ್ದೆ. ಅದರ ಅಗತ್ಯ ಬೀಳಲಿಲ್ಲ.

8ರ ರಾತ್ರಿ ಮಾತ್ರ ಅರ್ಧ ಗಂಟೆಯ ನಿಯಮ ಮುರಿದರು. ನಾನು ಬೇಡವೆನ್ನುತ್ತಿರಲಿಲ್ಲ. ರೋಮಿನಲ್ಲಿ ಹೊಸ ಪೋಪ್ ಆಯ್ಕೆಯಾದ ಗುರುತಿನ ಬಿಳಿ ಹೊಗೆ ಬಂದಿತ್ತು. ಹೊಸ ಪೋಪ್ ಹದಿನಾಲ್ಕನೇ ಲಿಯೊ ಮೊಗಸಾಲೆಗೆ ಬಂದು ಮೊದಲು ಹೇಳಿದ್ದು, ನಿಮ್ಮೆಲ್ಲರಿಗೂ ಶಾಂತಿ ಇರಲಿ ಎಂದು. ಬಾಗಿಲು ಹಾಕಿಕೊಂಡು ಕೂತಿದ್ದ ಶಿಷ್ಯರಿಗೆ ಯೇಸುಸ್ವಾಮಿ ಹೇಳಿದ್ದೂ ಇದನ್ನೇ ಎಂದು ಟೀಚರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಪಕ್ಕದಲ್ಲಿ 'ಗಡಿಯ ಎರಡೂ ಕಡೆಯ ಅಮ್ಮಂದಿರಿಗೆ' ಎಂದಿದೆ. 10ಕ್ಕೆ ಕದನ ವಿರಾಮದ ಘೋಷಣೆ ಬಂತು.

ಉಳಿದಿರುವುದು ಅಣ್ಣನ ಮಗನ ವಿಷಯ. ಗ್ರೂಪಿನಲ್ಲಿ ಎಲ್ಲರೆದುರು ಬೇಡ, ಒಬ್ಬನಿಗೇ ಫೋನ್ ಮಾಡಿ ಎಂದಿದ್ದೆ. ಮಾಡಿದರು. "ಆ ಕೈಮುಗಿದದ್ದು ನಾನು ಓದದೆ ಹಾಕಿದ್ದಪ್ಪ, ನಿನ್ನ ಮಾತಿಗೆ ನನ್ನ ಒಪ್ಪಿಗೆ ಇಲ್ಲ" ಎಂದರು. ಅವನು "ನಿಮಗೆ ಇದೆಲ್ಲ ಅರ್ಥ ಆಗಲ್ಲ ಅತ್ತೆ" ಎಂದು ಫೋನ್ ಇಟ್ಟ. ಆಮೇಲೆ ಮನೆ ಕಡೆ ಬಂದಿಲ್ಲ. ಅವನನ್ನು ಎತ್ತಿ ಆಡಿಸಿದ ಕೈ ಇದು, ಹಾಗೆ ಬಿಡೋಕಾಗಲ್ಲ ಎನ್ನುತ್ತಾರೆ ಟೀಚರ್. ಅವನ ಜೊತೆ ಮತ್ತೆ ಮಾತು ಹೇಗೆ ತೆಗೆಯುವುದು ಎಂಬುದರ ಮೇಲೆ ಈಗ ನಾವಿಬ್ಬರೂ ಕೆಲಸ ಮಾಡುತ್ತಿದ್ದೇವೆ.