ಹಿಂಬಾಲಕರು ಎಂಟು ಸಾವಿರ, ಮಾತಾಡುವವರು ಯಾರೂ ಇಲ್ಲ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ದಿನಪತ್ರಿಕೆಯ ವರದಿಗಾರ. ಫೇಸ್‌ಬುಕ್‌ನಲ್ಲಿ ಎಂಟು ಸಾವಿರ ಹಿಂಬಾಲಕರಿದ್ದಾರೆ. ದಿನವೂ ನನ್ನ ವರದಿಗಳ ಲಿಂಕ್ ಹಾಕುತ್ತೇನೆ. ಹತ್ತಿಪ್ಪತ್ತು ಲೈಕ್ ಬಂದರೆ ಹೆಚ್ಚು. ಸುದ್ದಿಗೆ ನೆರವಾಗುವ ಒಂದು ಮಾತೂ ಯಾರಿಂದಲೂ ಬರುವುದಿಲ್ಲ. ಓದುಗರೊಡನೆ ನಿಜವಾದ ನಂಟು ಬೆಳೆಸುವುದು ಹೇಗೆ?
– ಓದುಗ, ಹಾವೇರಿ ಜಿಲ್ಲೆ

ಉತ್ತರ: ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವು ಹಾಕುತ್ತಿರುವುದೆಲ್ಲ ಮುಗಿದ ವರದಿ. ಮುಗಿದ ವರದಿಗೆ ಓದುಗರು ಸೇರಿಸುವಂಥದ್ದು ಏನೂ ಉಳಿದಿರುವುದಿಲ್ಲ. ಮುಗಿಯದ ಕೆಲಸವನ್ನು ಅವರ ಮುಂದಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2016ರ ಅಮೆರಿಕ ಅಧ್ಯಕ್ಷ ಚುನಾವಣೆಯ ಕಾಲದ ಒಂದು ಪ್ರಸಂಗವನ್ನು ಹೇಳುತ್ತೇನೆ.

ದಾನಧರ್ಮಗಳಿಗೆ ಸ್ವಂತ ಹಣ ಕೊಟ್ಟಿರುವುದಾಗಿ ಡೊನಾಲ್ಡ್ ಟ್ರಂಪ್ ಹೇಳಿಕೊಳ್ಳುತ್ತಿದ್ದರು. ಅದು ನಿಜವೇ ಎಂದು ತಿಳಿಯಲು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಡೇವಿಡ್ ಫಾರೆನ್‌ಹೋಲ್ಡ್ ಸೇವಾಸಂಸ್ಥೆಗಳಿಗೆ ಒಂದೊಂದಾಗಿ ಫೋನ್ ಮಾಡಿದರು, ಸಿಕ್ಕ ಉತ್ತರಗಳನ್ನು ನೋಟ್‌ಪುಸ್ತಕದಲ್ಲಿ ಕೈಯಿಂದಲೇ ಬರೆದುಕೊಂಡರು, ಆ ಪುಟಗಳ ಫೋಟೊ ತೆಗೆದು ಟ್ವಿಟರ್‌ಗೆ ಹಾಕುತ್ತ ಹೋದರು. ಪಟ್ಟಿ ನಾಲ್ಕುನೂರು ಸಂಸ್ಥೆಗಳನ್ನು ದಾಟಿತು. ಅಕ್ಷರ ಮುದ್ದಾಗಿರಲಿಲ್ಲ, ಆದರೆ ಇನ್ನೂ ಯಾರನ್ನು ಕೇಳಬೇಕು ಎಂದು ಸೂಚಿಸಲು ಓದುಗರಿಗೆ ಆ ಪುಟವೇ ಸಾಕಾಯಿತು.

ಈ ನಡುವೆ, ಟ್ರಂಪ್ ಪ್ರತಿಷ್ಠಾನದ ಹಣದಿಂದ 2014ರ ಹರಾಜೊಂದರಲ್ಲಿ ಹತ್ತು ಸಾವಿರ ಡಾಲರ್‌ಗೆ ಟ್ರಂಪ್ ಅವರದೇ ಭಾವಚಿತ್ರವನ್ನು ಕೊಂಡಿದ್ದ ಸಂಗತಿ ಹೊರಬಿತ್ತು. ದಾನದ ಹಣದಿಂದ ಕೊಂಡ ವಸ್ತು ದಾನಿಯ ಸ್ವಂತ ವ್ಯಾಪಾರದ ಜಾಗವನ್ನು ಅಲಂಕರಿಸುವಂತಿಲ್ಲವಾದ್ದರಿಂದ, ಆ ಚಿತ್ರ ಈಗ ಎಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಫಾರೆನ್‌ಹೋಲ್ಡ್ ಅದನ್ನು ಓದುಗರ ಮುಂದಿಟ್ಟರು. ಪ್ರವಾಸಿಗರು ಟ್ರಿಪ್‌ಅಡ್ವೈಸರ್‌ನಲ್ಲಿ ಹಾಕಿದ್ದ ಫೋಟೊಗಳನ್ನು ಜಾಲಾಡಿದ ಓದುಗರೊಬ್ಬರು, ಮಯಾಮಿ ಬಳಿಯ ಡೊರಾಲ್‌ನಲ್ಲಿರುವ ಟ್ರಂಪ್ ಅವರ ಗಾಲ್ಫ್ ರೆಸಾರ್ಟ್‌ನ ಗೋಡೆಯಲ್ಲಿ ಅದನ್ನು ಗುರುತಿಸಿದರು. ಆದರೆ ಫೋಟೊ ಹಳೆಯದಿರಬಹುದಲ್ಲ? ಯೂನಿವಿಷನ್ ವಾಹಿನಿಯ ಎನ್ರಿಕೆ ಅಸೆವೆಡೊ ಆ ರೆಸಾರ್ಟ್‌ನಲ್ಲೇ ಕೋಣೆ ಹಿಡಿದು, ಒಳಗೆ ಹುಡುಕಿ, ಬಾರ್‌ನ ಗೋಡೆಯ ಮೇಲೆ ಚಿತ್ರವನ್ನು ಕಣ್ಣಾರೆ ಕಂಡರು. 2017ರಲ್ಲಿ ಫಾರೆನ್‌ಹೋಲ್ಡ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ನಿಮ್ಮ ತಾಲ್ಲೂಕಿಗೆ ಇದು ದೂರದ ಕಥೆಯಲ್ಲ. ಜಲಜೀವನ್ ಮಿಷನ್‌ನ ಕಾಗದಪತ್ರಗಳಲ್ಲಿ ಮನೆಮನೆಗೆ ನಲ್ಲಿ ಬಂದಿದೆ ಎಂದು ತೋರಿಸಿರುವ ಊರುಗಳ ಪಟ್ಟಿಯನ್ನು ತೆಗೆದುಕೊಂಡು, ನೀವೇ ಹೋಗಿ ನೋಡಿದ ಊರುಗಳಿಗೆ ಗುರುತು ಹಾಕಿ, ಉಳಿದವುಗಳನ್ನು ಖಾಲಿ ಬಿಟ್ಟು ಆ ಹಾಳೆಯ ಫೋಟೊ ಹಾಕಿ. ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಬೇಡಿ; ಅದಕ್ಕೆ ಜಗಳಗಳಷ್ಟೇ ಉತ್ತರವಾಗಿ ಬರುತ್ತವೆ. ‘ನಿಮ್ಮ ಓಣಿಯ ನಲ್ಲಿಯಲ್ಲಿ ಈ ವಾರ ಎಷ್ಟು ದಿನ ನೀರು ಬಂತು’ ಎಂದು ಕೇಳಿ. ಉತ್ತರಿಸಿದವರಿಗೆ ಆ ಮಾಹಿತಿಯಿಂದ ಏನಾಯಿತೆಂದು ಮರಳಿ ತಿಳಿಸಿ. ನಮ್ಮಲ್ಲಿ ಬಹುತೇಕರು ತಪ್ಪುವುದು ಇಲ್ಲೇ. ನೀವು ಬರೆದದ್ದರಲ್ಲಿ ತಪ್ಪಿದೆ ಎಂದು ಯಾರಾದರೂ ತೋರಿಸಿದರೆ, ಪೋಸ್ಟನ್ನು ಸದ್ದಿಲ್ಲದೆ ಅಳಿಸುವ ಬದಲು ಅದರ ಕೆಳಗೇ ತಿದ್ದುಪಡಿ ಬರೆಯಿರಿ.

ಪ್ರಶ್ನೆ: ಹಾಗೆ ಜನ ಕಳಿಸಿದ ಫೋಟೊಗಳನ್ನು ನೇರವಾಗಿ ಪ್ರಕಟಿಸಬಹುದೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ. ಅಸೆವೆಡೊ ಕೋಣೆ ಹಿಡಿದದ್ದು ಏಕೆಂಬುದನ್ನು ನೆನೆಯಿರಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಸುಳಿವು ಮಾತ್ರ. ಕಳಿಸಿದವರಿಗೆ ಫೋನ್ ಮಾಡಿ, ತೆಗೆದವರು ಯಾರು, ಯಾವಾಗ, ಎಲ್ಲಿ ಎಂದು ವಿಚಾರಿಸಿ, ಸಾಧ್ಯವಾದರೆ ಜಾಗಕ್ಕೇ ಹೋಗಿ. ಇನ್ನೊಂದು ಎಚ್ಚರವೂ ಬೇಕು: ಸಣ್ಣ ಊರಿನಲ್ಲಿ ಹೆಸರು ಮರೆಮಾಚಿದರೆ ಸಾಲದು, ಫೋಟೊವನ್ನು ಯಾರ ಮನೆಯ ಜಗುಲಿಯಿಂದ ತೆಗೆದದ್ದೆಂದು ಗುತ್ತಿಗೆದಾರನಿಗೆ ಒಂದೇ ನೋಟಕ್ಕೆ ತಿಳಿದುಬಿಡುತ್ತದೆ.